ರೋಗದ ಪಟ್ಟಿ ಬರೆದವರ್ಯಾರು?

ಒಬ್ಬ ಮನುಷ್ಯನಿಗೆ ಊರು ಒಮ್ಮೆ ಹೆಸರಿಟ್ಟುಬಿಟ್ಟರೆ ಅದು ಅವನ ಮಕ್ಕಳು ಮೊಮ್ಮಕ್ಕಳ ಬೆನ್ನನ್ನೂ ಬಿಡುವುದಿಲ್ಲ. ಈ ಪಾಠವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1871ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾಯ್ದೆ ತಂದು ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿತು. ಅದೇ ಕಾಯ್ದೆಯ ಎರಡನೇ ಭಾಗ ಹಿಜಡಾಗಳನ್ನು ರಿಜಿಸ್ಟರಿಗೆ ಸೇರಿಸಿತು. ಪೊಲೀಸರ ಪಟ್ಟಿ ನಮಗೆ ಗೊತ್ತು. ಡಾಕ್ಟರುಗಳ ಪಟ್ಟಿಯೂ ಒಂದಿದೆ. ಅದರ ಚರಿತ್ರೆಯನ್ನೂ ನಾವು ಓದಬೇಕು.

1886ರಲ್ಲಿ ಆಸ್ಟ್ರಿಯಾದ ಮನೋವೈದ್ಯ ಕ್ರಾಫ್ಟ್-ಎಬಿಂಗ್ 'ಸೈಕೋಪಾಥಿಯಾ ಸೆಕ್ಷುಅಲಿಸ್' ಎಂಬ ಪುಸ್ತಕ ತಂದ. ಡಾಕ್ಟರುಗಳಿಗೂ ಕೋರ್ಟಿನ ಜಡ್ಜುಗಳಿಗೂ ಅಂತ ಬರೆದದ್ದು. ಮಕ್ಕಳು ಹುಟ್ಟುವುದಕ್ಕೆ ದಾರಿಯಾಗದ ಕಾಮವೆಲ್ಲ ವಿಕೃತಿ ಅನ್ನೋದು ಅವನ ಅಳತೆಗೋಲು. ಆ ಕೋಲಿನಲ್ಲಿ ಅಳೆದಾಗ ಮಗುವಿನ ಮೇಲೆ ಕೈಹಾಕುವವನು, ಗಂಡಸನ್ನು ಪ್ರೀತಿಸುವ ಗಂಡಸು, ಹೆಂಗಸಿನ ಚಪ್ಪಲಿಗೆ ಮನಸೋತವನು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತರು. ಜನಸಾಮಾನ್ಯರು ಓದಬಾರದು ಅಂತ ಕೆಲವು ಭಾಗಗಳನ್ನು ಲ್ಯಾಟಿನ್ನಿನಲ್ಲಿ ಬರೆದ. ತಿಳುವಳಿಕೆಯನ್ನು ದೊಡ್ಡವರ ಭಾಷೆಯೊಳಗೆ ಬಚ್ಚಿಡುವ ಚಾಳಿ ನಮ್ಮ ದೇಶದ್ದೊಂದೇ ಅಲ್ಲ.

1952ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಗಳ ಕೈಪಿಡಿಯನ್ನು ಅಚ್ಚುಹಾಕಿಸಿತು. ಡಿ.ಎಸ್.ಎಂ. ಅನ್ನುತ್ತಾರೆ. ಅದರಲ್ಲಿ ಸಲಿಂಗ ಪ್ರೇಮವೂ ಒಂದು 'ಲೈಂಗಿಕ ವಿಕೃತಿ'. ಮರುವರ್ಷವೇ ಅಲ್ಲಿನ ಸರ್ಕಾರ ಇಂಥವರನ್ನು ನೌಕರಿಯಿಂದ ತೆಗೆದುಹಾಕುವ ಆಜ್ಞೆ ಹೊರಡಿಸಿತು. ಖಗೋಳ ವಿಜ್ಞಾನಿ ಫ್ರಾಂಕ್ ಕಾಮೆನಿ 1957ರಲ್ಲಿ ಕೆಲಸ ಕಳೆದುಕೊಂಡ. ರೋಗ ಅಂತ ಬರೆದದ್ದು ಡಾಕ್ಟರು, ಅನ್ನ ಕಸಿದದ್ದು ಸರ್ಕಾರ.

ಅದೇ 1957ರಲ್ಲಿ ಎವೆಲಿನ್ ಹೂಕರ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ಅಧ್ಯಯನ ಪ್ರಕಟಿಸಿದಳು. ಸಲಿಂಗ ಪ್ರೇಮಿಗಳಾದ 30 ಗಂಡಸರು, ಅಲ್ಲದ 30 ಗಂಡಸರು. ಎಲ್ಲರಿಗೂ ಒಂದೇ ಮಾನಸಿಕ ಪರೀಕ್ಷೆಗಳು. ಹೆಸರು ಮುಚ್ಚಿಟ್ಟು ಉತ್ತರಗಳನ್ನು ಪಂಡಿತರ ಮುಂದೆ ಇಟ್ಟಳು. ಯಾರು ಯಾವ ಗುಂಪಿನವರು ಅಂತ ಪಂಡಿತರಿಗೆ ಹೇಳಲಾಗಲಿಲ್ಲ. ಹಾಗಿದ್ದರೂ ಪಟ್ಟಿ ಬದಲಾಗಲು ಇನ್ನೂ 16 ವರ್ಷ ಹಿಡಿಯಿತು. ಯಾಕೆ? ಪುರಾವೆ ಒಂದೇ ಇದ್ದರೆ ಸಾಲದು, ಬೀದಿಗೆ ಇಳಿಯುವ ಜನವೂ ಬೇಕು. 1971ರಲ್ಲಿ ಕಾಮೆನಿ ಮನೋವೈದ್ಯರ ಸಮ್ಮೇಳನಕ್ಕೇ ನುಗ್ಗಿ ಮೈಕು ಕಿತ್ತುಕೊಂಡ. 1972ರಲ್ಲಿ ಡಲ್ಲಾಸ್ ಸಮ್ಮೇಳನದ ವೇದಿಕೆಗೆ ಡಾಕ್ಟರ್ ಜಾನ್ ಫ್ರೈಯರ್ ಮುಖವಾಡ ಹಾಕಿಕೊಂಡು, ದನಿ ಬದಲಿಸುವ ಮೈಕಿನ ಹಿಂದೆ ಕೂತು, ತಾನೂ ನಿಮ್ಮ ಹಾಗೆ ಮನೋವೈದ್ಯ, ತಾನೂ ಸಲಿಂಗ ಪ್ರೇಮಿ ಅಂತ ಹೇಳಿದ. ರೋಗ ಗುರುತಿಸುವ ಡಾಕ್ಟರೇ ಮುಖ ಮುಚ್ಚಿಕೊಂಡು ಮಾತಾಡಬೇಕಾದ ಕಾಲ ಅದು. 1973ರ ಡಿಸೆಂಬರಿನಲ್ಲಿ ಸಂಘ ಸಲಿಂಗ ಪ್ರೇಮವನ್ನು ಪಟ್ಟಿಯಿಂದ ತೆಗೆಯಿತು. ವಿರೋಧಿಗಳು ಸುಮ್ಮನಿರಲಿಲ್ಲ, 1974ರಲ್ಲಿ ಮತಕ್ಕೆ ಹಾಕಿಸಿದರು. ತೆಗೆಯಲಿ ಅಂದವರು 5,854, ಬೇಡ ಅಂದವರು 3,810. ರೋಗವೋ ಅಲ್ಲವೋ ಅನ್ನೋದು ಓಟಿನ ಪೆಟ್ಟಿಗೆಯಲ್ಲಿ ತೀರ್ಮಾನವಾಯಿತು!

1980ರ ಕೈಪಿಡಿ ಹಳೆಯ 'ವಿಕೃತಿ' ಪದ ಬಿಟ್ಟು 'ಪ್ಯಾರಾಫಿಲಿಯಾ' ಅಂದಿತು. ಅಂದರೆ ವಾಡಿಕೆಗೆ ಹೊರತಾದ ಕಾಮಾಸಕ್ತಿ. ಹೆಸರು ಬದಲಾದರೂ ಗೊಂದಲ ಉಳಿಯಿತು. ಒಂದು ಸಾಲು ಏನೆಲ್ಲ ಮಾಡಬಲ್ಲದು ನೋಡಿ. 1994ರ ಕೈಪಿಡಿಯಲ್ಲಿ, ಆ ಆಸೆಯಿಂದ ಅವನಿಗೆ ಸಂಕಟವಾಗಿರಬೇಕು ಇಲ್ಲವೇ ಅವನ ಬದುಕು ಕೆಟ್ಟಿರಬೇಕು ಅಂತ ಬರೆದರು. ಹಾಗಾದರೆ ಮಗುವನ್ನು ಕೆಡಿಸಿಯೂ ನೆಮ್ಮದಿಯಾಗಿ ನಿದ್ದೆ ಮಾಡುವವನ ಗತಿ? ಅವನಿಗೆ ರೋಗವೇ ಇಲ್ಲ ಅಂತ ಓದಲು ದಾರಿಯಾಯಿತು. 2000ದಲ್ಲಿ ಅದನ್ನು ತಿದ್ದಿದರು. ಹಾಗೆ ನಡೆದುಕೊಂಡಿದ್ದರೂ ಸಾಕು ಅಂದರು.

2013ರ ಕೈಪಿಡಿ ಎರಡನ್ನು ಬೇರೆ ಮಾಡಿತು: ಬೇರೆ ಬಗೆಯ ಆಸಕ್ತಿ ಇರುವುದು ಒಂದು, ಕಾಯಿಲೆ ಇನ್ನೊಂದು. ಆಸಕ್ತಿ ಕನಿಷ್ಠ 6 ತಿಂಗಳು ತೀವ್ರವಾಗಿರಬೇಕು. ಜೊತೆಗೆ ಅದರಿಂದ ಅವನಿಗೆ ಸಂಕಟವಾಗುತ್ತಿರಬೇಕು, ಅಥವಾ ಅದು ಅವನ ಬದುಕನ್ನು ಹಾಳುಮಾಡುತ್ತಿರಬೇಕು, ಇಲ್ಲವೇ ಒಪ್ಪಿಗೆ ಕೊಡದವರ ಮೇಲೆ ನಡೆದಿರಬೇಕು. ಆಗ ಮಾತ್ರ ಕಾಯಿಲೆ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಸ್ತುವಿನ ಮೇಲಿನ ಮೋಹದಂಥವನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿತು. ಅದರಲ್ಲಿ ಬೆಲೆಯುಳ್ಳ ಒಂದು ಮಾತಿದೆ: ಜನ ತಿರಸ್ಕರಿಸುತ್ತಾರೆ ಅನ್ನೋ ಹೆದರಿಕೆಯಿಂದಷ್ಟೇ ಹುಟ್ಟಿದ ಸಂಕಟ ಕಾಯಿಲೆಗೆ ಪುರಾವೆಯಲ್ಲ. ಊರು ಉಗಿಯುತ್ತದೆ ಅಂತ ಅಳುವವನಲ್ಲಿ ರೋಗ ಹುಡುಕಬೇಡಿ, ರೋಗ ಊರಲ್ಲಿದೆ.

ಇನ್ನೊಂದು ಮುಖವನ್ನೂ ನಾವು ಮರೆಯಬಾರದು. ಅತ್ಯಾಚಾರವನ್ನೂ ಒಂದು ಕಾಯಿಲೆಯಾಗಿ ಸೇರಿಸೋಣ ಅನ್ನುವ ಪ್ರಸ್ತಾಪ 1980ರ ದಶಕದಲ್ಲಿ ಬಂತು, 2013ರ ಕೈಪಿಡಿ ತಯಾರಾಗುವಾಗ ಮತ್ತೆ ಬಂತು. ಎರಡು ಸಲವೂ ಬಿದ್ದುಹೋಯಿತು. ಹೆಂಗಸರ ಸಂಘಟನೆಗಳು ಎದ್ದು ನಿಂತು, ಇದು ಅಪರಾಧಿಗೆ ಕೊಡುವ ನೆಪ ಅಂದಿದ್ದವು. ಅದು ಸರಿ. ಕೂಲಿಗೆ ಹೋದ ಹೆಣ್ಣುಮಗಳ ಮೇಲೆ ಗೌಡ ಕೈಹಾಕಿದರೆ ಅದು ಅವನ ನರದ ದೋಷವಲ್ಲ, ಅವನ ಜಮೀನಿನ, ಜಾತಿಯ ಸೊಕ್ಕು. ಅದಕ್ಕೆ ಬೇಕಾದದ್ದು ಗುಳಿಗೆಯಲ್ಲ, ಕೋರ್ಟು.

ನಮ್ಮ ದೇಶದಲ್ಲಿ 1860ರ 377ನೇ ಕಲಮು ಒಪ್ಪಿ ಕೂಡಿದ ವಯಸ್ಕರನ್ನೂ ಅಪರಾಧಿ ಮಾಡಿತ್ತು. ಸುಪ್ರೀಂ ಕೋರ್ಟು ಅದನ್ನು 2018ರಲ್ಲಿ ಬಿಡಿಸಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಸಮಾಜದ ನೀತಿಗೆ ಹೊಂದುವುದಿಲ್ಲ ಅನ್ನೋ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನಕೂಡದು ಅನ್ನುತ್ತದೆ. ಕಾಯ್ದೆ ಪುಸ್ತಕದಲ್ಲಿದೆ. ಊರಿನಲ್ಲಿ? ಮಗ ಹೆಣ್ಣಿನ ಹಾಗೆ ನಡೆಯುತ್ತಾನೆ ಅಂತ ಮಂತ್ರವಾದಿಯ ಹತ್ತಿರ ಒಯ್ಯುವವರು, ಕರೆಂಟು ಕೊಡಿಸಿ ಅಂತ ಡಾಕ್ಟರನ್ನು ಕೇಳುವವರು ನಮ್ಮ ನಡುವೆಯೇ ಇದ್ದಾರೆ. ಅದೇ ಊರಿನಲ್ಲಿ ಶಾಲೆಯ ಮಗುವನ್ನು ಮುಟ್ಟಿದವನ ಸುದ್ದಿ ಪಂಚಾಯ್ತಿ ಕಟ್ಟೆಯಲ್ಲೇ ಮುಚ್ಚಿಹೋಗುತ್ತದೆ.

ಹಳ್ಳಿಯ ಮೇಷ್ಟರುಗಳೇ, ಗೆಳೆಯರೇ, ಡಾಕ್ಟರು ನೂರು ವರ್ಷ ಎಡವಿ ಕಲಿತದ್ದನ್ನು ನಾವು ಎರಡು ಪ್ರಶ್ನೆಗಳಲ್ಲಿ ಇಟ್ಟುಕೊಳ್ಳಬಹುದು. ಇದರಲ್ಲಿ ನೋವಾಗಿದ್ದು ಯಾರಿಗೆ? ಒಪ್ಪಿಗೆ ಕೊಡದವರು, ಕೊಡಲಾರದವರು ಯಾರಾದರೂ ಇದ್ದಾರೆಯೇ? ಯಾರಿಗೂ ನೋವಿಲ್ಲದಿದ್ದರೆ ಆ ಹುಡುಗನನ್ನು ಅವನ ಪಾಡಿಗೆ ಬಿಡಿ, ಬಿಡಿಸಲು ಬಂದವರ ಎದುರು ನಿಲ್ಲಿ. ತನ್ನ ಆಸೆಗೆ ತಾನೇ ಹೆದರಿ ಬಂದವನಿದ್ದರೆ, ಯಾರಿಗಾದರೂ ಕೇಡಾಗುವ ಮೊದಲು ಡಾಕ್ಟರ ಹತ್ತಿರ ಕಳಿಸಿ. ಮಗುವಿಗೆ ನೋವಾಗಿದ್ದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ. ಮುಟ್ಟಿದವನು ಯಾವ ಜಾತಿಯವನೇ ಆಗಿರಲಿ, ಎಷ್ಟು ಎಕರೆಯವನೇ ಆಗಿರಲಿ.