ಟೇಪ್ ಅಂಟಿಸಿದ ನೋಟು ಬ್ಯಾಂಕಿನಲ್ಲಿ ನಡೆಯುತ್ತದೆಯೇ?

ಕುಮಟಾ ಬಳಿಯ ಬಾಡದಂಥ ಕಡಲೂರಿನಲ್ಲಿ ಮಳೆಗಾಲ ಬಂತೆಂದರೆ ನೋಟು ಒದ್ದೆಯಾಗುವುದು, ಗೆದ್ದಲು ಹಿಡಿಯುವುದು ಹೊಸದೇನಲ್ಲ. ಟೇಪ್ ಹಚ್ಚಿದ ನೋಟಿಗೆ ಬೆಲೆಯೇ ಇಲ್ಲ ಎಂದು ನಾವೆಲ್ಲ ಕೇಳಿದ್ದೇವೆ. ಅದು ತಪ್ಪು. ಎರಡು ತುಂಡಾದರೂ ಎರಡೂ ಒಂದೇ ನೋಟಿನವಾಗಿದ್ದು, ಏನೂ ಕಳೆದಿರದಿದ್ದರೆ ಪೂರ್ತಿ ಹಣ ಸಿಗುತ್ತದೆ.

ಭಾಗ ಕಳೆದಿದ್ದರೆ ರಿಸರ್ವ್ ಬ್ಯಾಂಕಿನ 2009ರ ನಿಯಮದಂತೆ ಅಳತೆ. 50 ರೂಪಾಯಿ ಮತ್ತು ಮೇಲಿನ ನೋಟಿನಲ್ಲಿ ಅತಿ ದೊಡ್ಡ ತುಂಡು ಶೇ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ, ಶೇ 40ರಿಂದ 80 ಇದ್ದರೆ ಅರ್ಧ ಮೌಲ್ಯ. ಚೂರುಗಳನ್ನೆಲ್ಲ ಕೂಡಿಸಿ ಅಳೆಯುತ್ತಿದ್ದರೆ, ಹಲವು ನೋಟುಗಳಿಂದ ಒಂದೊಂದು ಪಟ್ಟಿ ಕತ್ತರಿಸಿ ಇನ್ನೊಂದು ನೋಟನ್ನೇ ಜೋಡಿಸಿಬಿಡಬಹುದಿತ್ತು!

ಹಾಗೆ ಮೋಸಕ್ಕೆಂದೇ ಕತ್ತರಿಸಿದ ನೋಟಿಗೆ ಬಿಡಿಗಾಸೂ ಇಲ್ಲ, ಕತ್ತರಿಸಿದ್ದು ಬೇರೆಯವರಾದರೂ ಅಷ್ಟೇ. ಹಲವು ನೋಟುಗಳಲ್ಲಿ ಒಂದೇ ಜಾಗದಲ್ಲಿ, ಒಂದೇ ಆಕಾರದ ಭಾಗ ಕಾಣೆಯಾಗಿರುವುದೇ ಮುಖ್ಯ ಸುಳಿವು. ಗೆದ್ದಲೂ ಕಟ್ಟನ್ನು ಒಂದೇ ಕಡೆ ತಿನ್ನಬಹುದು, ನಿಜ. ಆದರೆ ಅದು ತಿಂದ ಅಂಚು ಅಂಕುಡೊಂಕು, ಕತ್ತರಿಯದು ನೇರ. ಹಾಗಾಗಿ ಚೆಂದ ಕಾಣಲೆಂದು ಅಂಚನ್ನು ಕತ್ತರಿಸಲು ಹೋಗಬೇಡಿ, ಇದ್ದ ಹಾಗೆಯೇ ಬ್ಯಾಂಕಿಗೆ ಒಯ್ಯಿರಿ. ಸುಟ್ಟು ಕರಕಲಾದ ನೋಟು ಮಾತ್ರ ಶಾಖೆಯಲ್ಲಿ ಬದಲಾಗದು, ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಗೇ ಹೋಗಬೇಕು.