ಲಿಥಿಯಂಯುಕ್ತ ಪೆಗ್ಮಟೈಟ್ ನಿಕ್ಷೇಪಗಳ ಅನ್ವೇಷಣೆ: ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶ

ಪೀಠಿಕೆ

ಲಿಥಿಯಂ ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದುದು. ವಿದ್ಯುತ್ ವಾಹನ ಹಾಗೂ ಮೊಬೈಲ್ ದೂರವಾಣಿಗಳ ಬ್ಯಾಟರಿ, ಗಾಜು ಮತ್ತು ಪಿಂಗಾಣಿ ಉದ್ಯಮಗಳಲ್ಲಿ ಇದು ಬಳಕೆಯಾಗುತ್ತದೆ. ಲವಣಜಲ ಮತ್ತು ಕಠಿಣ ಶಿಲೆ ಇದರ ಎರಡು ಮುಖ್ಯ ಮೂಲಗಳು. ಮಂಡ್ಯ ಜಿಲ್ಲೆ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ದೊರೆತಿರುವುದು ಎರಡನೆಯ ಬಗೆಯದು.

ಪೆಗ್ಮಟೈಟ್ ಶಿಲೆಯ ಸ್ವರೂಪ

ಗ್ರಾನೈಟ್ ಶಿಲಾಪಾಕವು ಘನೀಭವಿಸುವ ಕೊನೆಯ ಹಂತದಲ್ಲಿ ಉಳಿಯುವ ದ್ರವವು ಸುತ್ತಲಿನ ಶಿಲೆಗಳ ಬಿರುಕುಗಳಲ್ಲಿ ಸೇರಿ ದಪ್ಪ ಹರಳುಗಳ ಪೆಗ್ಮಟೈಟ್ ಆಗುತ್ತದೆ. ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕ (ಕಾಗೆಬಂಗಾರ) ಇದರ ಮುಖ್ಯ ಖನಿಜಗಳು. ಸಾಮಾನ್ಯ ಖನಿಜಗಳಲ್ಲಿ ಸುಲಭವಾಗಿ ಸೇರದ ಲಿಥಿಯಂ, ಸೀಸಿಯಂ, ಬೆರಿಲಿಯಂ, ಟ್ಯಾಂಟಲಂ ಧಾತುಗಳು ಈ ಕೊನೆಯ ದ್ರವದಲ್ಲಿ ಸಾಂದ್ರಗೊಳ್ಳುತ್ತವೆ. ಆದರೂ ಬಹುತೇಕ ಪೆಗ್ಮಟೈಟ್‌ಗಳಲ್ಲಿ ಲಿಥಿಯಂ ಗಣನೀಯ ಪ್ರಮಾಣದಲ್ಲಿ ಇರುವುದಿಲ್ಲ. ಮುಖ್ಯ ಅದಿರಾದ ಸ್ಪಾಡ್ಯುಮೀನ್ ಶುದ್ಧ ರೂಪದಲ್ಲಿದ್ದರೆ ಒಂದು ಟನ್ನಿಗೆ ಸುಮಾರು 37 ಕಿ.ಗ್ರಾಂ. ಲಿಥಿಯಂ ಹೊಂದಿರುತ್ತದೆ. ಲೆಪಿಡೋಲೈಟ್ ಎಂಬ ನೇರಳೆ ಛಾಯೆಯ ಅಭ್ರಕವೂ ಲಿಥಿಯಂಯುಕ್ತವಾದುದು.

ಅನ್ವೇಷಣೆಯ ಹಂತಗಳು

1. ಭೂವೈಜ್ಞಾನಿಕ ನಕ್ಷೆ ತಯಾರಿಕೆ: ಮೂಲ ಗ್ರಾನೈಟ್, ಅದರ ಸುತ್ತಲಿನ ಶಿಸ್ಟ್ ಪಟ್ಟಿ ಹಾಗೂ ಪೆಗ್ಮಟೈಟ್ ಪಟ್ಟಿಗಳ ದಿಕ್ಕು, ಅಗಲ, ಇಳಿಜಾರುಗಳನ್ನು ಗುರುತಿಸಲಾಗುತ್ತದೆ. ಮೂಲ ಗ್ರಾನೈಟ್‌ನಿಂದ ದೂರವಾದಂತೆ ಲಿಥಿಯಂ ಅಂಶ ಹೆಚ್ಚುವುದು ಹಲವೆಡೆ ಕಂಡುಬಂದಿರುವ ಕಾರಣ ಈ ಅಂತರವೂ ಮುಖ್ಯ.

2. ಮಾದರಿ ಸಂಗ್ರಹ: ಹಳ್ಳಗಳ ಮರಳು, ಮಣ್ಣು ಮತ್ತು ಶಿಲೆಗಳ ಮಾದರಿಗಳನ್ನು ಪರೀಕ್ಷಿಸಲಾಗುತ್ತದೆ. ಕೈಯಲ್ಲಿ ಹಿಡಿಯುವ ಕ್ಷ-ಕಿರಣ ಉಪಕರಣವು ಲಿಥಿಯಂ ಅನ್ನು ಗುರುತಿಸಲಾರದು. ಆದ್ದರಿಂದ ಅದರ ಜೊತೆಗಾರ ಧಾತುವಾದ ರುಬಿಡಿಯಂ ಸುಳಿವಾಗಿ ಒದಗುತ್ತದೆ. ಫೆಲ್ಡ್‌ಸ್ಪಾರ್ ಮತ್ತು ಅಭ್ರಕಗಳಲ್ಲಿ ಪೊಟ್ಯಾಸಿಯಂಗೆ ಹೋಲಿಸಿದಾಗ ರುಬಿಡಿಯಂ ಹೆಚ್ಚಾಗಿದ್ದಲ್ಲಿ ಆ ಶಿಲೆ ಹೆಚ್ಚಿನ ಶೋಧನೆಗೆ ಅರ್ಹವಾಗುತ್ತದೆ. ಲಿಥಿಯಂ ಪ್ರಮಾಣವನ್ನು ಪ್ರಯೋಗಾಲಯದ ರಾಸಾಯನಿಕ ವಿಶ್ಲೇಷಣೆಯಿಂದ ದೃಢಪಡಿಸಿಕೊಳ್ಳಲಾಗುತ್ತದೆ.

3. ಕಂದಕ ಮತ್ತು ಕೊರೆತ: ಮಣ್ಣಿನಡಿಯ ಶಿಲೆಯನ್ನು ಕಂದಕ ತೋಡಿ ಪರಿಶೀಲಿಸಿ, ಬಳಿಕ ಕೊಳವೆ ಕೊರೆದು ಆಳದ ಶಿಲಾ ಮಾದರಿ ತೆಗೆಯಲಾಗುತ್ತದೆ. ಪೆಗ್ಮಟೈಟ್ ಕೆಲವೇ ಮೀಟರುಗಳ ಅಂತರದಲ್ಲಿ ಉಬ್ಬಿ, ತೆಳುವಾಗಿ ಅಥವಾ ಕಡಿದುಹೋಗಬಹುದಾದ್ದರಿಂದ ಹತ್ತಿರ ಹತ್ತಿರದ ಕೊರೆತ ಅನಿವಾರ್ಯ.

ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಫಲಿತಾಂಶ

ನಾಗಮಂಗಲ ಶಿಸ್ಟ್ ಪಟ್ಟಿಗೆ ಸೇರಿದ ಈ ಪ್ರದೇಶದಲ್ಲಿ ಕೇಂದ್ರ ಅಣುಶಕ್ತಿ ಇಲಾಖೆಯ ಪರಮಾಣು ಖನಿಜ ಅನ್ವೇಷಣೆ ಮತ್ತು ಸಂಶೋಧನಾ ನಿರ್ದೇಶನಾಲಯವು ಅನ್ವೇಷಣೆ ಕೈಗೊಂಡಿದೆ. 2020ರಲ್ಲಿ 14,100 ಟನ್ ಲಿಥಿಯಂ ಇರುವುದಾಗಿ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಮೇಲ್ಮೈ ಹಾಗೂ ಸೀಮಿತ ಭೂಗರ್ಭ ಅನ್ವೇಷಣೆಯ ನಂತರ 2021ರಲ್ಲಿ ಪ್ರಕಟವಾದ ಪ್ರಮಾಣ 1,600 ಟನ್. ಇದೂ ‘ಊಹಿತ’ ವರ್ಗಕ್ಕೆ ಸೇರಿದ ಸಂಪನ್ಮೂಲ. ಅಂದರೆ, ದೊರೆತ ಮಾದರಿಗಳ ಆಧಾರದಲ್ಲಿ ಅಂದಾಜಿಸಿದ್ದೇ ಹೊರತು, ಲಾಭದಾಯಕವಾಗಿ ತೆಗೆಯಬಹುದೆಂದು ಸಿದ್ಧಪಟ್ಟ ಮೀಸಲು ನಿಕ್ಷೇಪವಲ್ಲ. ಊಹಿತ ಸಂಪನ್ಮೂಲದಿಂದ ಗಣಿಯವರೆಗೆ ವಿವರವಾದ ಕೊರೆತ, ಅದಿರು ಸಂಸ್ಕರಣಾ ಪರೀಕ್ಷೆ, ಆರ್ಥಿಕ ಅಧ್ಯಯನ ಮತ್ತು ಪರಿಸರ ಅನುಮತಿಯ ಹಂತಗಳಿವೆ. ಯಾವ ಹಂತದಲ್ಲಾದರೂ ಯೋಜನೆ ನಿಲ್ಲಬಹುದು.

ಸಾರ್ವಜನಿಕರ ಗಮನಕ್ಕೆ

* ಅಣುಶಕ್ತಿ ಇಲಾಖೆಯು ಅನ್ವೇಷಣೆ ನಡೆಸಿತೆಂಬ ಕಾರಣಕ್ಕೆ ಲಿಥಿಯಂ ವಿಕಿರಣಶೀಲವೆಂದು ಭಾವಿಸಬಾರದು. ನೈಸರ್ಗಿಕ ಲಿಥಿಯಂ ವಿಕಿರಣಶೀಲವಲ್ಲ.

* ಲಿಥಿಯಂ ಖನಿಜಗಳು ಹಿಂದೆ ಪರಮಾಣು ಖನಿಜಗಳ ಪಟ್ಟಿಯಲ್ಲಿದ್ದವು. 1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮಕ್ಕೆ 2023ರಲ್ಲಿ ತಂದ ತಿದ್ದುಪಡಿಯಂತೆ ಅವನ್ನು ಆ ಪಟ್ಟಿಯಿಂದ ಕೈಬಿಡಲಾಗಿದೆ. ಗಣಿ ಗುತ್ತಿಗೆಯ ಹರಾಜನ್ನು ಕೇಂದ್ರ ಸರ್ಕಾರ ನಡೆಸುತ್ತದೆ. ಆದಾಯ ರಾಜ್ಯಕ್ಕೆ ಸೇರುತ್ತದೆ.

* ಮಾದರಿ ಸಂಗ್ರಹ ಅಥವಾ ಕೊಳವೆ ಕೊರೆತ ನಡೆದ ಮಾತ್ರಕ್ಕೆ ಜಮೀನು ಗಣಿಗೆ ಸೇರಿತೆಂದು ಅರ್ಥವಲ್ಲ. ವದಂತಿಗಳನ್ನು ನಂಬಿ ರೈತರು ಅವಸರದಲ್ಲಿ ಜಮೀನು ಮಾರಾಟ ಮಾಡಬಾರದು.

* ಪರವಾನಗಿ ಅಥವಾ ಗುತ್ತಿಗೆ ಪಡೆದವರ ಕಾರ್ಯಾಚರಣೆಯಿಂದ ಜಮೀನಿಗೆ ನಷ್ಟವಾದಲ್ಲಿ, ಅಧಿನಿಯಮದ 24ಎ ಪ್ರಕರಣದ ಮೇರೆಗೆ ಅನುಭವದಾರರು ಪರಿಹಾರಕ್ಕೆ ಅರ್ಹರು.

ಹೆಚ್ಚಿನ ಮಾಹಿತಿಗಾಗಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬಹುದು.