ಹುಡುಗರೆಂದು ಕರೆಸಿಕೊಂಡವರು

ನನ್ನ ತವರಿನಲ್ಲಿ ಒಬ್ಬ ಚಿಕ್ಕಪ್ಪ ಇದ್ದರು. ಹುಟ್ಟಿನಿಂದಲೇ ಬುದ್ಧಿ ನಿಧಾನ, ಮಾತು ತೊದಲು. ನೀರು ಸೇದುವುದು, ಸೌದೆ ಒಡೆಯುವುದು, ಕೊಟ್ಟಿಗೆ ಬಾಚುವುದು ಎಲ್ಲ ಅವರ ಪಾಲಿಗೇ. ಐವತ್ತು ದಾಟಿದರೂ ಮನೆಯಲ್ಲಿ ಅವರು 'ಹುಡುಗ'. ಎಲ್ಲರ ಊಟ ಮುಗಿದ ಮೇಲೆ ಹಿಂದಿನ ಜಗುಲಿಯಲ್ಲಿ ಅವರ ತಟ್ಟೆ. ಸಿಟ್ಟು ಬಂದವರು ಒಂದೇಟು ಹಾಕಿದರೂ ಕೇಳುವವರಿಲ್ಲ. 'ಹೊಟ್ಟೆ ತುಂಬ ಅನ್ನ ಹಾಕುತ್ತೇವಲ್ಲ, ಇನ್ನೇನು ಬೇಕು ಅವನಿಗೆ?' ಎನ್ನುತ್ತಿದ್ದರು ದೊಡ್ಡವರು. ನನಗೂ ಅದು ಸರಿಯೆಂದೇ ಕಾಣುತ್ತಿತ್ತು.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಅಮೆರಿಕದ ಅಟಾಲಿಸ್ಸಾ ಎಂಬ ಊರಿನ ಸಂಗತಿ ಓದಿದೆ. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಅಟಾಲಿಸ್ಸಾ ಅಯೋವಾ ರಾಜ್ಯದ ಪುಟ್ಟ ಊರು. 1970ರ ದಶಕದಲ್ಲಿ ಹೆನ್ರಿಸ್ ಟರ್ಕಿ ಸರ್ವಿಸ್ ಎಂಬ ಕಂಪನಿ ಟೆಕ್ಸಾಸ್‌ನ ಸರ್ಕಾರಿ ಆಶ್ರಯಶಾಲೆಗಳಿಂದ ಬುದ್ಧಿಮಾಂದ್ಯರೆನಿಸಿಕೊಂಡ ಯುವಕರನ್ನು ಅಲ್ಲಿಗೆ ಕರೆತಂದಿತು. ಊರಾಚೆಯ ಹಳೆಯ ಶಾಲೆಯ ಕಟ್ಟಡವೇ ಅವರ ವಸತಿ. ಪಕ್ಕದ ವೆಸ್ಟ್ ಲಿಬರ್ಟಿಯ ಕಾರ್ಖಾನೆಯಲ್ಲಿ ಟರ್ಕಿ ಕೋಳಿಗಳ ಕರುಳು ತೆಗೆಯುವ ಕೆಲಸ. ಅಂಗವಿಕಲರಿಗೆ ಕಡಿಮೆ ಕೂಲಿ ಕೊಡಲು 1938ರ ಅಲ್ಲಿನ ಕಾರ್ಮಿಕ ಕಾಯ್ದೆಯಲ್ಲೇ ಅವಕಾಶವಿತ್ತು. ಅವರಿಗೂ ಉದ್ಯೋಗ ಸಿಗಲೆಂಬ ಒಳ್ಳೆಯ ಉದ್ದೇಶದಿಂದ ಮಾಡಿದ ನಿಯಮವದು. ಕಂಪನಿ ಅದನ್ನೇ ಹಿಡಿದುಕೊಂಡಿತು. ಊಟ, ವಸತಿಯ ಲೆಕ್ಕ ಹೇಳಿ ಹಣ ಮುರಿದುಕೊಂಡು, ತಿಂಗಳಿಗೆ ಕೈಗೆ ಕೊಡುತ್ತಿದ್ದದ್ದು 65 ಡಾಲರ್. ಅದೇ ಸಾಲಿನಲ್ಲಿ ನಿಂತು ಅದೇ ಕೆಲಸ ಮಾಡುವ ಇತರರಿಗೆ ಪೂರ್ತಿ ಕೂಲಿ.

ಊರಿನವರು ಕೆಟ್ಟವರಲ್ಲ. ಚರ್ಚಿನಲ್ಲಿ ಜೊತೆಗೆ ಕೂರಿಸಿಕೊಂಡರು, ಹಬ್ಬದ ಮೆರವಣಿಗೆಗೆ ಕರೆದರು, 'ಹುಡುಗರು' ಎಂದು ಪ್ರೀತಿಯಿಂದಲೇ ಕೂಗಿದರು. ಆದರೆ ಆ ಮನೆಯೊಳಗೆ ಏನು ನಡೆಯುತ್ತಿದೆಯೆಂದು ಇಣುಕಲಿಲ್ಲ. ಅಲ್ಲಿ ಹೊಡೆತ, ಒದೆತ ಇತ್ತು. ಭಾರ ಹೊರಿಸಿ ಸುತ್ತು ಹಾಕಿಸುವ ಶಿಕ್ಷೆ ಇತ್ತು. ಕಾಯಿಲೆ ಬಿದ್ದವರಿಗೆ ಸರಿಯಾದ ಚಿಕಿತ್ಸೆಯಿಲ್ಲ. ಸೋರುವ ಸೂರು, ಇಲಿ, ಜಿರಲೆ. 1979ರಲ್ಲೇ ಪತ್ರಿಕೆಯೊಂದು ಈ ಬಗ್ಗೆ ಪ್ರಶ್ನೆ ಎತ್ತಿತ್ತು. ಆದರೂ ಮೂವತ್ತು ವರ್ಷ ಹಾಗೆಯೇ ಸಾಗಿತು. ಹುಡುಗರ ತಲೆ ನರೆಯಿತು, ಕೈ ಸೊಟ್ಟಗಾಯಿತು.

ಕೊನೆಗೆ ಇದನ್ನು ಕೆದಕಿದವಳು ಅವರಲ್ಲೊಬ್ಬನ ಅಕ್ಕ-ತಂಗಿಯರಲ್ಲಿ ಒಬ್ಬಳು. ಇಷ್ಟು ವರ್ಷ ದುಡಿದವನ ಹೆಸರಿನಲ್ಲಿ ಎಷ್ಟು ಉಳಿದಿದೆ ಎಂದು ಕೇಳಿದಳು. ನೂರು ಡಾಲರೂ ಇರಲಿಲ್ಲ. ಅವಳು ಸುಮ್ಮನಾಗಲಿಲ್ಲ. ಸುದ್ದಿ ಪತ್ರಿಕೆಯವರಿಗೆ ಮುಟ್ಟಿತು, ಅಧಿಕಾರಿಗಳು ಬಂದರು. 2009ರ ಫೆಬ್ರುವರಿಯಲ್ಲಿ ಆ ಮನೆಗೆ ಬೀಗ ಬಿತ್ತು. 2013ರಲ್ಲಿ ನ್ಯಾಯಾಲಯದ ಜ್ಯೂರಿ 32 ಮಂದಿಗೆ ಒಟ್ಟು 24 ಕೋಟಿ ಡಾಲರ್ ಪರಿಹಾರ ಹೇಳಿತು. ಆದರೆ ಚಿಕ್ಕ ಕಂಪನಿಗಳಿಂದ ಇಷ್ಟೇ ವಸೂಲು ಮಾಡಬಹುದೆಂಬ ಕಾನೂನಿನ ಮಿತಿಯಿಂದ ಅದು ತಲೆಗೆ 50,000 ಡಾಲರಿಗೆ ಇಳಿಯಿತು.

ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಅಂಗವಿಕಲರನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಬೇಕೆಂದೇ ಅನ್ನನೀರು ತಪ್ಪಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆಮನೆ. ಹಿಂಸೆ, ಶೋಷಣೆ ಕಂಡವರು ಯಾರೇ ಆಗಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಎಂದರೆ ಸಾಮಾನ್ಯವಾಗಿ ತಹಶೀಲ್ದಾರರಿಗೆ, ತಿಳಿಸಬಹುದು. ಮನೆಯವರೇ ಆಗಬೇಕೆಂದಿಲ್ಲ.

ಹೆಣ್ಣುಮಗಳಿಗೆ ಪೆಟ್ಟು ಬಿದ್ದರೆ ಇಂದು ನಾವು ನಾಲ್ಕು ಜನ ಸೇರುತ್ತೇವೆ. ಸೇರಲೇಬೇಕು. ಆದರೆ ಪೆಟ್ಟು ತಿನ್ನುವವನು ಗಂಡಸಾದರೆ, ಅದೂ ಹೇಳಿಕೊಳ್ಳಲು ಮಾತು ಬಾರದವನಾದರೆ, ನಮ್ಮ ಕಣ್ಣಿಗೆ ಅದು ಬೀಳುವುದೇ ಇಲ್ಲ. ಚಿಕ್ಕಪ್ಪನ ಪಾಲಿನ ಗದ್ದೆ ಏನಾಯಿತೆಂದು ನಾನು ಒಮ್ಮೆಯೂ ಕೇಳಲಿಲ್ಲ. ಅವರ ಬೆನ್ನ ಮೇಲಿನ ಬಾಸುಂಡೆ ಹೇಗೆ ಬಂತೆಂದೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ. ನಿಮ್ಮ ಬೀದಿಯಲ್ಲಿ, ನೆಂಟರ ಮನೆಯಲ್ಲಿ ಅಂಥ 'ಹುಡುಗ' ಒಬ್ಬರಿದ್ದರೆ, ಇನ್ನೊಮ್ಮೆ ಹೋದಾಗ ಅವರ ಪಕ್ಕ ಕುಳಿತು ಊಟವಾಯಿತೇ ಎಂದು ಕೇಳಿ. ಅವರ ಹೆಸರನ್ನೂ ಕೇಳಿ.